ಸ್ಥಾನಕ್ಕೆ ತಕ್ಕ ಡಯೋಡು

ಮನೆಯ ಸೆಟ್‌ಟಾಪ್ ಪೆಟ್ಟಿಗೆಗೋ ಇಂಟರ್‌ನೆಟ್ ರೂಟರಿಗೋ ವಿದ್ಯುತ್ತನ್ನು ಒದಗಿಸುವ 12 ವೋಲ್ಟ್, 2 ಆಂಪಿಯರ್‌ನ ಸಣ್ಣ ಅಡಾಪ್ಟರೊಂದು ಕೆಟ್ಟು ನಿಂತಾಗ, ಅದರ ಕವಚವನ್ನು ಬಿಡಿಸಿ ನೋಡಿದವರಿಗೆ ಅನೇಕ ವೇಳೆ ಕಾಣಸಿಗುವುದು, ಒಡಲು ಬಿರಿದು, ಮೈಮೇಲಿನ ಅಕ್ಷರಗಳು ಕರಿದುಹೋಗಿ, ಮಲ್ಟಿಮೀಟರಿನ ಮೊನೆಗಳನ್ನು ಯಾವ ಕಡೆಗೆ ತಿರುಗಿಸಿ ಇಟ್ಟರೂ ಎಡೆಬಿಡದೆ ಕೂಗಿಸುವ ಒಂದು ಡಯೋಡು. ಕೆಲವೇ ರೂಪಾಯಿಗಳ ಈ ಚಿಕ್ಕ ಪದಾರ್ಥವನ್ನು ಕಿತ್ತು ಹೊಸದೊಂದನ್ನು ಬೆಸೆದರೆ ಇಡೀ ಯಂತ್ರ ಮತ್ತೆ ಜೀವ ತಳೆಯುವುದು. ಆದರೆ ಯಾವುದನ್ನು ಬೆಸೆಯಬೇಕು? ಮೂಲದ ಸಂಖ್ಯೆ ಓದಲು ಬಾರದು. ಓದಲು ಬಂದರೂ ಆ ಸಂಖ್ಯೆಯ ಡಯೋಡು ಊರಿನ ಅಂಗಡಿಯಲ್ಲಿ ದೊರೆಯಲಾರದು. ಆಗ ರಿಪೇರಿಗೆ ಕುಳಿತವರು ಸಾಮಾನ್ಯವಾಗಿ ಅವಲಂಬಿಸುವ ಸೂತ್ರವೆಂದರೆ, ವೋಲ್ಟೂ ಆಂಪಿಯರೂ ಹಳೆಯದಕ್ಕಿಂತ ಹೆಚ್ಚಾಗಿದ್ದರೆ ಯಾವುದಾದರೂ ಆದೀತು ಎಂಬುದು. ಈ ಸೂತ್ರ ಒಂದು ಸ್ಥಾನದಲ್ಲಿ ಪೂರ್ಣ ಸತ್ಯವಾಗಿಯೂ, ಅಲ್ಲಿಂದ ಮೂರು ಅಂಗುಲ ದೂರದ ಇನ್ನೊಂದು ಸ್ಥಾನದಲ್ಲಿ ಅಪಾಯಕರವಾದ ಅಸತ್ಯವಾಗಿಯೂ ಪರಿಣಮಿಸುವುದೇಕೆ ಎಂಬುದನ್ನು ವಿಚಾರಮಾಡುವುದೇ ಈ ಅಧ್ಯಾಯದ ಉದ್ದೇಶ.

ಡಯೋಡಿನ ಧರ್ಮ ಒಂದೇ: ವಿದ್ಯುತ್ತನ್ನು ಒಂದು ದಿಕ್ಕಿನಲ್ಲಿ ಹೋಗಗೊಟ್ಟು ಪ್ರತಿಕೂಲ ದಿಕ್ಕಿನಲ್ಲಿ ತಡೆಯುವುದು. ಜರ್ಮನಿಯ ಫರ್ಡಿನಾಂಡ್ ಬ್ರೌನ್ 1874ರಲ್ಲಿ ಗೆಲೀನಾ ಮೊದಲಾದ ಖನಿಜಗಳ ಮೇಲೆ ಲೋಹದ ಮೊನೆಯನ್ನು ತಾಗಿಸಿ ಪ್ರಯೋಗ ನಡೆಸುತ್ತಿದ್ದಾಗ ಈ ಏಕಮುಖ ಸ್ವಭಾವವನ್ನು ಮೊದಲು ಗಮನಿಸಿದನು. ನಮ್ಮವರೇ ಆದ ಜಗದೀಶಚಂದ್ರ ಬೋಸರು ಅದೇ ಗೆಲೀನಾವನ್ನು ವಿದ್ಯುತ್ಕಾಂತ ತರಂಗಗಳ ಪತ್ತೆಗೆ ಬಳಸಿ, 1904ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದರು. ಅದೇ ವರ್ಷ ಇಂಗ್ಲೆಂಡಿನ ಫ್ಲೆಮಿಂಗ್ ನಿರ್ವಾತ ಕೊಳವೆಯ ಡಯೋಡನ್ನು ನಿರ್ಮಿಸಲಾಗಿ, ಹಲವು ದಶಕಗಳ ಕಾಲ ರೇಡಿಯೋಗಳಲ್ಲಿ ವಾಲ್ವುಗಳದೇ ರಾಜ್ಯವಾಯಿತು. 1940ರಲ್ಲಿ ಬೆಲ್ ಪ್ರಯೋಗಶಾಲೆಯ ರಸೆಲ್ ಓಲ್ ಸಿಲಿಕಾನಿನ ತುಂಡೊಂದರಲ್ಲಿ ಪಿ-ಎನ್ ಸಂಧಿಯನ್ನು ಕಂಡುಹಿಡಿದ ಮೇಲೆ ಆಧುನಿಕ ಡಯೋಡಿನ ಯುಗ ಪ್ರಾರಂಭವಾಯಿತೆನ್ನಬಹುದು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ಎರಡು ಯುಗಗಳು ಒಂದರ ಬೆನ್ನಿಗೆ ಒಂದು ನಮ್ಮ ನಾಡನ್ನು ಪ್ರವೇಶಿಸಿದ ಬಗೆ ಅದು.

ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದಾದ ಆದರ್ಶ ಡಯೋಡು ಮುಂದಿನ ದಿಕ್ಕಿನಲ್ಲಿ ಕಿಂಚಿತ್ತೂ ವೋಲ್ಟೇಜನ್ನು ನುಂಗದು, ಹಿಂದಿನ ದಿಕ್ಕಿನಲ್ಲಿ ಕಿಂಚಿತ್ತೂ ಪ್ರವಾಹವನ್ನು ಸೋರಗೊಡದು, ಎಷ್ಟು ಪ್ರತಿಕೂಲ ಒತ್ತಡವನ್ನಾದರೂ ತಾಳಿಕೊಳ್ಳುವುದು, ಮತ್ತು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಕ್ಷಣಮಾತ್ರವೂ ತಡಮಾಡದೆ ಹೊರಳುವುದು. ಇಂಥದೊಂದು ಡಯೋಡು ಲೋಕದಲ್ಲಿ ಇಲ್ಲ. ತಯಾರಕರ ಅಜಾಗರೂಕತೆಯಿಂದ ಬಂದ ಕೊರತೆ ಇದಲ್ಲ. ಒಂದು ಗುಣವನ್ನು ಹೆಚ್ಚಿಸಹೊರಟರೆ ಮತ್ತೊಂದು ಗುಣ ತಾನಾಗಿ ಕುಗ್ಗುವಂತೆ ಪದಾರ್ಥದ ಪ್ರಕೃತಿಯೇ ವಿಧಿಸಿರುವ ನಿಯಮವಿದು. ಆದಕಾರಣ ಬದಲಿ ಡಯೋಡನ್ನು ಹುಡುಕುವವನು ಮೊದಲು ಕೇಳಬೇಕಾದುದು ಸುಟ್ಟ ಡಯೋಡಿನ ಸಂಖ್ಯೆ ಯಾವುದು ಎಂಬುದನ್ನಲ್ಲ, ಅದು ನಿಂತಿದ್ದ ಸ್ಥಾನ ಯಾವುದು, ಆ ಸ್ಥಾನ ಅದರಿಂದ ಏನನ್ನು ಬೇಡುತ್ತಿತ್ತು ಎಂಬುದನ್ನು.

ನಮ್ಮ ಅಡಾಪ್ಟರಿನ ದ್ವಾರದಲ್ಲಿಯೇ ಇರುವ ಸ್ಥಾನವನ್ನು ಮೊದಲು ನೋಡೋಣ. ಗೋಡೆಯ ಸಾಕೆಟ್ಟಿನಿಂದ ಬರುವ 230 ವೋಲ್ಟಿನ ಎ.ಸಿ.ಯನ್ನು ನಾಲ್ಕು ಡಯೋಡುಗಳ ಬ್ರಿಡ್ಜೊಂದು ಡಿ.ಸಿ.ಯಾಗಿ ಮಾರ್ಪಡಿಸಿ, ದಪ್ಪನೆಯ ಒಂದು ಕೆಪಾಸಿಟರಿನಲ್ಲಿ ತುಂಬುವುದು. 230 ಎಂಬುದು ಸರಾಸರಿಯ ಒಂದು ಬಗೆಯ ಲೆಕ್ಕವಾದುದರಿಂದ ತರಂಗದ ಶಿಖರವು ಅದರ 1.414ರಷ್ಟು, ಎಂದರೆ ಸುಮಾರು 325 ವೋಲ್ಟು ಇರುವುದು. ಲೈನಿನ ವೋಲ್ಟೇಜು ಶೇಕಡ 10ರಷ್ಟು ಏರಿದರೆ ಶಿಖರ 358ನ್ನು ಮುಟ್ಟುವುದು. ಬ್ರಿಡ್ಜಿನಲ್ಲಿ ಸುಮ್ಮನಿರುವ ಸರದಿ ಬಂದ ಪ್ರತಿಯೊಂದು ಡಯೋಡೂ ಈ ಶಿಖರವನ್ನು ಬೆನ್ನಿನ ಮೇಲೆ ತಾಳಿಕೊಳ್ಳಬೇಕು. ಹೀಗಿರಲು 400 ವೋಲ್ಟ್ ತಾಳಬಲ್ಲ 1ಎನ್4004 ಲೆಕ್ಕಕ್ಕೆ ಸಾಕೆಂದು ತೋರಿದರೂ, ಪಂಪ್‌ಸೆಟ್ಟುಗಳು ಹತ್ತಿ ಆರುವ ಹಳ್ಳಿಯ ಲೈನುಗಳಲ್ಲಿ, ಮಳೆಗಾಲದ ಮಿಂಚಿನ ದಿನಗಳಲ್ಲಿ ಬರುವ ಕ್ಷಣಿಕ ಹೊಡೆತಗಳನ್ನು ನೆನೆದರೆ ಆ ಅಂತರ ಏನೇನೂ ಸಾಲದು. 1000 ವೋಲ್ಟಿನ 1ಎನ್4007 ಈ ಸ್ಥಾನಕ್ಕೆ ಎಲ್ಲೆಡೆಯೂ ರೂಢವಾಗಿರುವುದು ಇದೇ ಕಾರಣಕ್ಕೆ. 1ಎನ್4001ರಿಂದ 4007ರವರೆಗಿನ ಕುಟುಂಬದಲ್ಲಿ ಎಲ್ಲವೂ 1 ಆಂಪಿಯರಿನವೇ ಆಗಿದ್ದು, 50ರಿಂದ 1000 ವೋಲ್ಟಿನವರೆಗೆ ತಾಳ್ಮೆ ಮಾತ್ರ ಮೆಟ್ಟಿಲುಮೆಟ್ಟಿಲಾಗಿ ಏರುವುದು.

ಇಲ್ಲಿ ಹೆಚ್ಚು ವೋಲ್ಟು, ಹೆಚ್ಚು ಆಂಪಿಯರು ಎಂಬ ಸೂತ್ರ ನಿಜವಾಗಿಯೂ ಸಲ್ಲುವುದು. 1ಎನ್4007ರ ಜಾಗದಲ್ಲಿ 3 ಆಂಪಿಯರಿನ 1ಎನ್5408 ಕೂಡುವಷ್ಟು ಎಡೆಯಿದ್ದರೆ ಅದು ಧಾರಾಳವಾಗಿ ನಡೆಯುವುದು. ನಮ್ಮ ರೇಡಿಯೋ, ಟಿ.ವಿ. ರಿಪೇರಿಯವರ ಬಾಯಲ್ಲಿ ಬಹುಕಾಲ ನೆಲಸಿದ್ದ ಬಿವೈ127 ಸುಟ್ಟುಹೋದ ಹಳೆಯ ಪೆಟ್ಟಿಗೆಗಳಿಗೆ ಈಗ 1ಎನ್4007 ಹಾಕುವುದೂ ರೂಢಿಯಲ್ಲಿದೆ. ಪ್ರಾರಂಭದ ರಭಸವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸ್ವಿಚ್ಚು ಹಾಕಿದ ಕ್ಷಣದಲ್ಲಿ ಬರಿದಾಗಿರುವ ಕೆಪಾಸಿಟರು ತುಂಬಿಕೊಳ್ಳುವ ಆತುರದಲ್ಲಿ ಡಯೋಡುಗಳ ಮೂಲಕ ಎಳೆಯುವ ಪ್ರವಾಹ ನಿತ್ಯದ ಪ್ರವಾಹದ ಹತ್ತಾರು ಪಟ್ಟು ಇರುವುದು. 1ಎನ್4007 ಇಂಥ ಹೊಡೆತವನ್ನು ಅರ್ಧ ಆವರ್ತದ ಮಟ್ಟಿಗೆ 30 ಆಂಪಿಯರಿನವರೆಗೆ ತಾಳುವುದು, 1ಎನ್5408 ಆದರೋ 200ರವರೆಗೆ. ಕೆಪಾಸಿಟರನ್ನು ದೊಡ್ಡದಾಗಿಸಿ ಡಯೋಡುಗಳನ್ನು ಹಾಗೆಯೇ ಉಳಿಸುವವರು ಈ ಅಂಶವನ್ನು ಮರೆತಿರುತ್ತಾರೆ.

ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಉಳ್ಳ ಹಳೆಯ ಬಗೆಯ ಪವರ್ ಸಪ್ಲೈಗಳ ವಿಷಯದಲ್ಲಿಯೂ ಇದೇ ವಿಚಾರಸರಣಿ ಸಲ್ಲುವುದಾದರೂ ಒಂದು ಎಚ್ಚರ ಬೇಕು. 12-0-12 ಎಂದು ಬರೆದಿರುವ, ನಡುವೆ ತಂತಿ ತೆಗೆದ ಟ್ರಾನ್ಸ್‌ಫಾರ್ಮರಿಗೆ ಎರಡೇ ಡಯೋಡು ಹಾಕಿರುವಲ್ಲಿ, ಒಂದೊಂದು ಡಯೋಡಿನ ಮೇಲೂ ಬೀಳುವ ಪ್ರತಿಕೂಲ ಒತ್ತಡ ಒಂದು ಪಾರ್ಶ್ವದ ಶಿಖರವಾದ 17 ವೋಲ್ಟಲ್ಲ, ಅದರ ಇಮ್ಮಡಿ, 34 ವೋಲ್ಟು. ಹೊರೆಯಿಲ್ಲದಾಗ ಟ್ರಾನ್ಸ್‌ಫಾರ್ಮರು ಇನ್ನೂ ಸ್ವಲ್ಪ ಹೆಚ್ಚಾಗಿಯೇ ಕೊಡುವುದು. 50 ವೋಲ್ಟಿನ 1ಎನ್4001 ಅಲ್ಲಿ ಹೇಗೋ ನಿಂತೀತು. ಬೆಲೆಯಲ್ಲಿ ಭೇದವೇ ಇಲ್ಲದಿರುವಾಗ 4007ನ್ನೇ ಹಾಕುವುದು ವಿವೇಕ.

ಈಗ ಅಡಾಪ್ಟರಿನ ಮತ್ತೊಂದು ತುದಿಗೆ ಬರೋಣ. ಎಸ್.ಎಂ.ಪಿ.ಎಸ್. ಎಂದು ಕರೆಯಲ್ಪಡುವ ಈ ಬಗೆಯ ಸಪ್ಲೈಯಲ್ಲಿ, ಕೆಪಾಸಿಟರಿನಲ್ಲಿ ತುಂಬಿದ 325 ವೋಲ್ಟಿನ ಡಿ.ಸಿ.ಯನ್ನು ಒಂದು ಟ್ರಾನ್ಸಿಸ್ಟರು ಸೆಕೆಂಡಿಗೆ ಸುಮಾರು 65,000 ಸಲ ಕಡಿದು ಕಡಿದು ಸಣ್ಣ ಫೆರೈಟ್ ಟ್ರಾನ್ಸ್‌ಫಾರ್ಮರಿಗೆ ಉಣಿಸುವುದು. ಆಚೆಯ ಸುರುಳಿಯಲ್ಲಿ ಹುಟ್ಟುವ ತುಂಡುತುಂಡು ವಿದ್ಯುತ್ತನ್ನು ಒಂದೇ ಒಂದು ಡಯೋಡು ಸ್ವೀಕರಿಸಿ 12 ವೋಲ್ಟಿನ ಡಿ.ಸಿ.ಯಾಗಿ ಕೊಡುವುದು. ಸುಟ್ಟುಹೋಗಿರುವುದು ಇದೇ ಡಯೋಡು. ಇದರ ಜಾಗಕ್ಕೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ 1ಎನ್5408ನ್ನು ಹಾಕಿದರೆಂದಿಟ್ಟುಕೊಳ್ಳಿ. ಬೇಕಾದುದು 2 ಆಂಪಿಯರು, ಅದರಲ್ಲಿರುವುದು 3. ಬೇಕಾದುದು ನೂರರ ಒಳಗಿನ ವೋಲ್ಟು, ಅದರಲ್ಲಿರುವುದು 1000. ಎರಡು ಅಂಕೆಗಳಲ್ಲಿಯೂ ಮಿಗಿಲಾದ ಈ ಡಯೋಡು ಸ್ವಲ್ಪ ಹೊತ್ತಿನಲ್ಲಿಯೇ ಬೆಂಕಿಯಂತೆ ಕಾದು ಪ್ರಾಣಬಿಡುವುದು. ಅಥವಾ ಸಪ್ಲೈ ಏಳಲಾರದೆ ಏಳುವ ಪ್ರಯತ್ನವನ್ನೇ ಮತ್ತೆ ಮತ್ತೆ ಮಾಡುತ್ತ ಟಿಕ್ ಟಿಕ್ ಎನ್ನುತ್ತ ಕುಳಿತುಬಿಡುವುದು.

ಇದಕ್ಕೆ ಕಾರಣ ಡಯೋಡಿನ ಮೈಮೇಲೆ ಬರೆಯದ, ಅಂಗಡಿಯವನೂ ಹೇಳದ ಮೂರನೆಯ ಒಂದು ಗುಣ. ಪಿ-ಎನ್ ಸಂಧಿಯ ಮೂಲಕ ಮುಂದಿನ ದಿಕ್ಕಿನಲ್ಲಿ ಪ್ರವಾಹ ಹರಿಯುತ್ತಿರುವಾಗ ಸಂಧಿಯ ಎರಡು ಬದಿಗಳಲ್ಲಿಯೂ ಎಲೆಕ್ಟ್ರಾನುಗಳೂ, ಎಲೆಕ್ಟ್ರಾನಿಲ್ಲದ ತೆರವುಗಳಾದ ರಂಧ್ರಗಳೂ ದಟ್ಟವಾಗಿ ತುಂಬಿಕೊಂಡಿರುತ್ತವೆ. ಒತ್ತಡ ದಿಕ್ಕು ಬದಲಿಸಿದೊಡನೆ ಡಯೋಡು ಮುಚ್ಚಿಕೊಳ್ಳಬೇಕಷ್ಟೆ. ಆದರೆ ಕೆರೆಯ ತೂಬನ್ನು ಮುಚ್ಚಿದ ಮೇಲೂ ಕಾಲುವೆಯಲ್ಲಿ ನಿಂತ ನೀರು ಹರಿದು ಬರಿದಾಗಲು ಹೊತ್ತು ಹಿಡಿಯುವಂತೆ, ತುಂಬಿಕೊಂಡಿರುವ ಈ ಆವೇಶಗಳೆಲ್ಲ ಹೊರಬೀಳುವವರೆಗೆ ಡಯೋಡು ಹಿಂದಿನ ದಿಕ್ಕಿನಲ್ಲಿಯೂ ನಿರಾತಂಕವಾಗಿ ಪ್ರವಾಹವನ್ನು ಹರಿಯಗೊಡುವುದು. ಈ ಅವಧಿಗೆ ರಿವರ್ಸ್ ರಿಕವರಿ ಕಾಲವೆಂದು ಹೆಸರು. 1ಎನ್4007, 1ಎನ್5408ರಂಥ ಸಾಮಾನ್ಯ ಡಯೋಡುಗಳಲ್ಲಿ ಇದು ಹಲವು ಮೈಕ್ರೊಸೆಕೆಂಡುಗಳಷ್ಟಿರುವುದು. 50 ಹರ್ಟ್ಸ್ ವಿದ್ಯುತ್ತಿನ ಅರ್ಧ ಆವರ್ತವು 10,000 ಮೈಕ್ರೊಸೆಕೆಂಡು ಇರುವಾಗ ಈ ವಿಳಂಬವನ್ನು ಯಾರೂ ಗಮನಿಸಬೇಕಾದುದಿಲ್ಲ. ಆದರೆ 65 ಕಿಲೋಹರ್ಟ್ಸ್‌ನಲ್ಲಿ ಒಂದು ಪೂರ್ಣ ಆವರ್ತಕ್ಕೆ ದೊರೆಯುವ ಕಾಲವೇ ಸುಮಾರು 15 ಮೈಕ್ರೊಸೆಕೆಂಡು. ಅದರಲ್ಲಿ ಗಣನೀಯವಾದ ಭಾಗವನ್ನು ಡಯೋಡು ಮುಚ್ಚಿಕೊಳ್ಳುವುದರಲ್ಲಿಯೇ ಕಳೆದರೆ, ಮುಂದಕ್ಕೆ ಹರಿದ ವಿದ್ಯುತ್ತು ಹಿಂದಕ್ಕೂ ಹರಿದು, ಸಾಗಬೇಕಾದ ಶಕ್ತಿಯೆಲ್ಲ ಸಂಧಿಯಲ್ಲಿ ಶಾಖವಾಗಿ ಪರಿಣಮಿಸುವುದು.

ಇನ್ನೂ ಒಂದು ಮಾತು. 1000 ವೋಲ್ಟನ್ನು ತಾಳಬಲ್ಲ ಸಾಮರ್ಥ್ಯವೇ ಇಲ್ಲಿ ಶತ್ರುವಾಗಿರುವುದನ್ನು ಗಮನಿಸಬೇಕು. ಅಷ್ಟು ದೊಡ್ಡ ಒತ್ತಡವನ್ನು ತಡೆಯಲು ಸಿಲಿಕಾನಿನಲ್ಲಿ ಕಲಬೆರಕೆ ಅತ್ಯಲ್ಪವಾಗಿರುವ ಅಗಲವಾದ ಒಂದು ಪದರ ಬೇಕು. ಪದರ ಅಗಲವಾದಷ್ಟೂ ಅದರಲ್ಲಿ ತುಂಬುವ ಆವೇಶವೂ ಹೆಚ್ಚು, ಬರಿದಾಗುವ ಕಾಲವೂ ಹೆಚ್ಚು. ಆ ಕಾಲವನ್ನು ಕುಗ್ಗಿಸಲೆಂದು ತಯಾರಕರು ಸಿಲಿಕಾನಿಗೆ ಚಿನ್ನವನ್ನೋ ಪ್ಲಾಟಿನಂ ಅನ್ನೋ ಲೇಶಮಾತ್ರ ಬೆರೆಸುತ್ತಾರೆ. ಹಾಗೆ ಬೆರೆಸಿದಲ್ಲಿ ಎಲೆಕ್ಟ್ರಾನುಗಳೂ ರಂಧ್ರಗಳೂ ಬೇಗನೆ ಒಂದರೊಡನೊಂದು ಕೂಡಿ ಇಲ್ಲವಾಗುತ್ತವೆ. ಹೀಗೆ ಹುಟ್ಟಿದ ಎಫ್‌ಆರ್107ರ ವಿಳಂಬ 500 ನ್ಯಾನೊಸೆಕೆಂಡು, ಯುಎಫ್4007ರದು 75 ನ್ಯಾನೊಸೆಕೆಂಡು ಮಾತ್ರ. ಆದರೆ ಪ್ರಕೃತಿ ಇದಕ್ಕೂ ಬೆಲೆಯನ್ನು ಕೇಳುವುದು: 1 ಆಂಪಿಯರ್ ಹರಿಯುವಾಗ 1ಎನ್4007 ಹೆಚ್ಚೆಂದರೆ 1.1 ವೋಲ್ಟನ್ನು ನುಂಗಿದರೆ, ಯುಎಫ್4007 ನುಂಗುವ ಗರಿಷ್ಠ ಮಿತಿ 1.7 ವೋಲ್ಟು. ವೇಗದ ಡಯೋಡು ಎಲ್ಲ ಕಡೆಯೂ ಶ್ರೇಷ್ಠವೆಂಬ ಭಾವನೆಯೂ ಆದಕಾರಣ ನಿಲ್ಲದು. ದ್ವಾರದ ಬ್ರಿಡ್ಜಿನಲ್ಲಿ ಅದನ್ನು ಕೂಡಿಸಿದರೆ ದೊರೆಯುವ ಲಾಭ ಯಾವುದೂ ಇಲ್ಲ, ವ್ಯರ್ಥವಾದ ಶಾಖವೊಂದನ್ನುಳಿದು.

ಹನ್ನೆರಡು ವೋಲ್ಟಿನ ತುದಿಯಲ್ಲಿ ಮೂಲದಲ್ಲಿ ಇದ್ದುದು ಬಹುಮಟ್ಟಿಗೆ ಷಾಟ್ಕಿ ಡಯೋಡು. ಇದರಲ್ಲಿ ಪಿ-ಎನ್ ಸಂಧಿಯಿಲ್ಲ; ಲೋಹವೊಂದು ಸಿಲಿಕಾನಿಗೆ ನೇರವಾಗಿ ಒತ್ತಿ ನಿಂತಿರುವುದು. ಬ್ರೌನನು 1874ರಲ್ಲಿ ಗೆಲೀನಾದ ಮೇಲೆ ಕಂಡದ್ದೂ ಲೋಹ ಮತ್ತು ಅರೆವಾಹಕಗಳ ಇಂಥ ಸ್ಪರ್ಶವನ್ನೇ. ಅದರ ತತ್ತ್ವವನ್ನು ವಾಲ್ಟರ್ ಷಾಟ್ಕಿ ವಿವರಿಸಿದ್ದು 1938ರಲ್ಲಿ. ಅತ್ಯಂತ ಪ್ರಾಚೀನವಾದ ಡಯೋಡಿನ ವಂಶಜವೇ ಇಂದಿನ ಅತ್ಯಂತ ಚುರುಕಾದ ಡಯೋಡಾಗಿ ನಮ್ಮ ಅಡಾಪ್ಟರುಗಳಲ್ಲಿ ದುಡಿಯುತ್ತಿರುವುದು ನನಗೆ ಸದಾ ಸಂತೋಷವನ್ನು ಕೊಡುವ ಸಂಗತಿ. ಇಲ್ಲಿ ಪ್ರವಾಹವನ್ನು ಹೊರುವುದು ಎಲೆಕ್ಟ್ರಾನುಗಳು ಮಾತ್ರವಾದ್ದರಿಂದ ತುಂಬಿಕೊಂಡು ಬರಿದಾಗಬೇಕಾದ ಸಂಗ್ರಹವೇ ಇಲ್ಲ. ಮುಂದಿನ ದಿಕ್ಕಿನ ನಷ್ಟವೂ ಕಡಿಮೆ. ಹಾಗೆಂದು ಇದೂ ನಿರ್ದೋಷಿಯಲ್ಲ. ಸಿಲಿಕಾನಿನ ಸಾಮಾನ್ಯ ಷಾಟ್ಕಿಗಳು 200 ವೋಲ್ಟಿನ ಆಸುಪಾಸಿಗೇ ನಿಲ್ಲುತ್ತವೆ. ಮತ್ತು ಹಿಂದಿನ ದಿಕ್ಕಿನಲ್ಲಿ ಸೋರುತ್ತವೆ. 3 ಆಂಪಿಯರು, 40 ವೋಲ್ಟಿನ 1ಎನ್5822ರ ಸೋರಿಕೆಯ ಮಿತಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಮಿಲಿಆಂಪಿಯರು, 100 ಡಿಗ್ರಿಯಲ್ಲಿ 20. ನಲವತ್ತು ವೋಲ್ಟಿನಲ್ಲಿ ಇಪ್ಪತ್ತು ಮಿಲಿಆಂಪಿಯರೆಂದರೆ ಸುಮ್ಮನಿರುವ ಹೊತ್ತಿನಲ್ಲಿಯೇ 0.8 ವ್ಯಾಟ್ ಶಾಖ. ಶಾಖದಿಂದ ಸೋರಿಕೆ ಏರಿ, ಸೋರಿಕೆಯಿಂದ ಶಾಖ ಏರಿ, ಗಾಳಿಯಾಡದ ಪ್ಲಾಸ್ಟಿಕ್ ಕವಚದೊಳಗೆ ಡಯೋಡು ತನ್ನನ್ನು ತಾನೇ ಸುಟ್ಟುಕೊಳ್ಳುವ ಸಂಭವವುಂಟು.

ಇನ್ನು ಎಷ್ಟು ವೋಲ್ಟಿನ ಷಾಟ್ಕಿ ಬೇಕು? ಹೊರಗೆ ಬರುವುದು 12 ವೋಲ್ಟು ತಾನೆ, 20 ವೋಲ್ಟಿನದು ಸಾಲದೇ ಎಂದು ಎಣಿಸುವವರು ಬಹುಮಂದಿ. ಸಾಲದು. ಟ್ರಾನ್ಸಿಸ್ಟರು ತೆರೆದುಕೊಂಡಿರುವ ಹೊತ್ತಿನಲ್ಲಿ ಪ್ರಾಥಮಿಕ ಸುರುಳಿಯ ಮೇಲಿನ ಪೂರ್ಣ ವೋಲ್ಟೇಜು ಸುತ್ತುಗಳ ಪ್ರಮಾಣಕ್ಕನುಗುಣವಾಗಿ ಆಚೆಯ ಸುರುಳಿಯಲ್ಲಿ ವಿರುದ್ಧ ದಿಕ್ಕಿನಲ್ಲಿ ಕಾಣಿಸಿಕೊಂಡು, ಹೊರಗಿನ 12 ವೋಲ್ಟಿನೊಡನೆ ಕೂಡಿ ಡಯೋಡಿನ ಮೇಲೆ ಎರಗುವುದು. ಅಡಾಪ್ಟರು 265 ವೋಲ್ಟಿನವರೆಗೆ ಕೆಲಸಮಾಡಬೇಕಾದರೆ ಒಳಗಿನ ಡಿ.ಸಿ. 375 ವೋಲ್ಟನ್ನು ಮುಟ್ಟುವುದು. ಸುತ್ತುಗಳ ಪ್ರಮಾಣ ಎಂಟಕ್ಕೆ ಒಂದು ಎಂದಿಟ್ಟುಕೊಂಡರೆ ಆಚೆ ಬರುವುದು 47, ಅದಕ್ಕೆ 12 ಸೇರಿ 59 ವೋಲ್ಟು. ಇದರ ಮೇಲೆ, ಪ್ರತಿಯೊಂದು ಹೊರಳಿಕೆಯಲ್ಲಿಯೂ ಸುರುಳಿಗಳ ಸೋರುಪ್ರೇರಣೆಯಿಂದ ಹುಟ್ಟುವ ಮೊನಚಾದ ಅಲೆಗಳು ಬೇರೆ. 40 ವೋಲ್ಟಿನ 1ಎನ್5822 ಇಲ್ಲಿ ಮೊದಲ ಕ್ಷಣವೇ ಮಡಿಯುವುದು. 60 ವೋಲ್ಟಿನದು ಕತ್ತಿಯಂಚಿನ ಮೇಲೆ ನಿಂತಂತೆ. 5 ಆಂಪಿಯರು, 100 ವೋಲ್ಟಿನ ಎಸ್‌ಬಿ5100ರಂಥದು ಈ ಸ್ಥಾನಕ್ಕೆ ತಕ್ಕುದು. ಅದು ದೊರೆಯದಿದ್ದರೆ 3 ಆಂಪಿಯರು, 200 ವೋಲ್ಟು, 50 ನ್ಯಾನೊಸೆಕೆಂಡಿನ ಯುಎಫ್5402 ಕೆಲಸವನ್ನು ನಿರ್ವಹಿಸಬಲ್ಲದು. ಆದರೆ 1 ವೋಲ್ಟಿನ ಆಸುಪಾಸಿನ ನಷ್ಟದಿಂದಾಗಿ 2 ಆಂಪಿಯರಿನಲ್ಲಿ ಸುಮಾರು 2 ವ್ಯಾಟ್ ಶಾಖವನ್ನು ಬಿಡುವುದು, ಷಾಟ್ಕಿಯಾಗಿದ್ದರೆ ಅದಕ್ಕಿಂತ ಎಷ್ಟೋ ಕಡಿಮೆ. ಸುತ್ತುಗಳ ಪ್ರಮಾಣ ತಿಳಿಯದಿರುವಾಗ, ಇದೇ ವೋಲ್ಟು, ಇದೇ ಆಂಪಿಯರಿನ ಬೇರೊಂದು ಹಳೆಯ ಅಡಾಪ್ಟರನ್ನು ಬಿಚ್ಚಿ ಅದೇ ಸ್ಥಾನದಲ್ಲಿ ಕುಳಿತಿರುವ ಡಯೋಡಿನ ಸಂಖ್ಯೆಯನ್ನು ಓದುವುದು ಅತ್ಯುತ್ತಮ ಮಾರ್ಗ. ರಿಪೇರಿಯವರ ಮೂಲೆಯ ಡಬ್ಬದಲ್ಲಿರುವ ಹಳೆಯ ಬೋರ್ಡುಗಳಿಗೆ ಇಂಥ ಸಮಯದಲ್ಲಿ ಗ್ರಂಥದಷ್ಟೇ ಬೆಲೆಯುಂಟು.

ಈ ಎರಡು ತುದಿಗಳ ನಡುವೆ ಮೂರನೆಯ ಸ್ಥಾನವೊಂದು ಉಂಟು. ಟ್ರಾನ್ಸಿಸ್ಟರು ಮುಚ್ಚಿದ ಕ್ಷಣದಲ್ಲಿ ಏಳುವ ವೋಲ್ಟೇಜಿನ ಹೊಡೆತವನ್ನು ಹಿಡಿದು ಒಂದು ರೆಸಿಸ್ಟರಿಗೂ ಸಣ್ಣ ಕೆಪಾಸಿಟರಿಗೂ ಒಪ್ಪಿಸುವ ಕ್ಲ್ಯಾಂಪ್ ಡಯೋಡು ಅದು. ಅಲ್ಲಿ ಹೆಚ್ಚಾಗಿ ಎಫ್‌ಆರ್107 ಅಥವಾ ಯುಎಫ್4007 ಇರುವುದು. ಆದರೆ ಕೆಲವು ವಿನ್ಯಾಸಕರು ಉದ್ದೇಶಪೂರ್ವಕವಾಗಿಯೇ ಗಾಜಿನ ಲೇಪವುಳ್ಳ 1ಎನ್4007ಜಿಪಿ ಎಂಬ ನಿಧಾನದ ಡಯೋಡನ್ನು, ಒಂದು ಸರಣಿ ರೆಸಿಸ್ಟರಿನೊಡನೆ, ಇಲ್ಲಿ ಇಡುವುದುಂಟು. ಅದರ ವಿಳಂಬವೇ ಅಲೆಗಳನ್ನು ಶಮನಗೊಳಿಸಿ ಶಕ್ತಿಯ ಒಂದಂಶವನ್ನು ಹಿಂದಿರುಗಿಸುವುದು. ಒಂದೆಡೆ ಮಾರಕವಾದ ದೋಷ ಇನ್ನೊಂದೆಡೆ ಗುಣವಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗದು. ವಿನ್ಯಾಸಕನ ಅಭಿಪ್ರಾಯ ತಿಳಿಯದಿದ್ದಲ್ಲಿ ಇದ್ದುದನ್ನೇ ಮತ್ತೆ ತಂದು ಹಾಕುವುದು ಲೇಸು.

ಮಲ್ಟಿಮೀಟರಿನಿಂದ ಈ ಭೇದಗಳೆಲ್ಲ ತಿಳಿಯುವುವೆಂದು ಭ್ರಮಿಸಬಾರದು. ಡಯೋಡ್ ಪರೀಕ್ಷೆಯ ಸ್ಥಾನದಲ್ಲಿ ಷಾಟ್ಕಿ 0.2 ವೋಲ್ಟಿನ ಆಸುಪಾಸನ್ನೂ ಸಿಲಿಕಾನ್ ಸಂಧಿ 0.5ರಿಂದ 0.6ನ್ನೂ ತೋರಿಸುವುದರಿಂದ ಇವೆರಡನ್ನು ಬೇರ್ಪಡಿಸಬಹುದು. ಆದರೆ ನಿಧಾನದ 1ಎನ್4007ಗೂ ವೇಗದ ಯುಎಫ್4007ಗೂ ಆ ಮೀಟರಿನ ದೃಷ್ಟಿಯಲ್ಲಿ ವ್ಯತ್ಯಾಸ ಕಾಣದು, ಎಷ್ಟು ವೋಲ್ಟನ್ನು ತಾಳೀತೆಂಬುದೂ ಕಾಣದು. ತಯಾರಕರ ಮಾಹಿತಿಪತ್ರ ಒಂದೇ ಅದಕ್ಕೆ ಪ್ರಮಾಣ. ತಕ್ಕ ಡಯೋಡು ಸಿಗದೆಂದು ಸಣ್ಣವೆರಡನ್ನು ಜೊತೆಜೊತೆಯಾಗಿ ಬೆಸೆಯುವ ಅಭ್ಯಾಸವೂ ಸಾಧುವಲ್ಲ; ಬಿಸಿಯಾದಂತೆ ಡಯೋಡಿನ ವೋಲ್ಟೇಜು ಡಿಗ್ರಿಗೆ ಸುಮಾರು 2 ಮಿಲಿವೋಲ್ಟಿನಂತೆ ಇಳಿಯುವುದರಿಂದ, ಮೊದಲು ಕಾದದ್ದೇ ಹೆಚ್ಚು ಪ್ರವಾಹವನ್ನು ತನ್ನೆಡೆಗೆಳೆದುಕೊಂಡು ಇನ್ನಷ್ಟು ಕಾಯುವುದು. ಡಯೋಡಿನ ತಂತಿಕಾಲುಗಳೇ ಅದರ ಶಾಖವನ್ನು ಬೋರ್ಡಿಗೆ ಸಾಗಿಸುವ ದಾರಿಯೆಂಬುದನ್ನೂ, 1ಎನ್4007ಕ್ಕೆ ಹೇಳಿರುವ 1 ಆಂಪಿಯರು ಸುತ್ತಣ ಗಾಳಿ 75 ಡಿಗ್ರಿಯೊಳಗೆ ಇದ್ದು, ಕಾಲುಗಳ ಉದ್ದ 9.5 ಮಿಲಿಮೀಟರಷ್ಟೇ ಇದ್ದಾಗಿನ ಮಾತೆಂಬುದನ್ನೂ ಬೆಸೆಯುವಾಗ ನೆನಪಿನಲ್ಲಿಡತಕ್ಕದ್ದು.

ಡಯೋಡು ಏತಕ್ಕೆ ಸತ್ತಿತೆಂದು ತಿಳಿಯದೆ ಹೊಸದನ್ನು ಹಾಕುವುದು ಅದನ್ನೂ ಕಳೆದುಕೊಳ್ಳುವ ದಾರಿ. ಹೊರತುದಿಯ ಡಯೋಡು ಹೋಗಿದ್ದರೆ, ಅದರ ಬೆನ್ನಿಗೇ ಇರುವ, ಮೊನಚು ಅಲೆಗಳನ್ನು ಅಡಗಿಸುವ ಸಣ್ಣ ರೆಸಿಸ್ಟರು ಒಳಗೆ ಕಡಿದುಹೋಗಿದೆಯೇ, ಫಿಲ್ಟರ್ ಕೆಪಾಸಿಟರಿನ ತಲೆ ಉಬ್ಬಿದೆಯೇ ಎಂದು ಪರೀಕ್ಷಿಸಬೇಕು. ಬ್ರಿಡ್ಜಿನಲ್ಲಿ ಒಂದು ಹೋಗಿದ್ದರೆ ಒಳಗಿನ ಟ್ರಾನ್ಸಿಸ್ಟರು ಶಾರ್ಟ್ ಆಗಿರುವುದು ಬಹಳ ಸಂಭವ. ಉಳಿದ ಮೂರು ಡಯೋಡುಗಳೂ ಅದೇ ಹೊಡೆತವನ್ನು ಕಂಡಿರುವುದರಿಂದ ನಾಲ್ಕನ್ನೂ ಬದಲಾಯಿಸುವುದು ಕ್ಷೇಮ.

ಪ್ಲಗ್ಗು ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರು 325 ವೋಲ್ಟನ್ನು ಹಿಡಿದುಕೊಂಡಿರಬಲ್ಲದು. ಹತ್ತು ಸಾವಿರ ಓಮಿನ, 5 ವ್ಯಾಟಿನ ರೆಸಿಸ್ಟರೊಂದರಿಂದ ಅದನ್ನು ಬರಿದುಮಾಡಿ, ಮೀಟರಿನಿಂದ ಸೊನ್ನೆಯನ್ನು ಕಂಡ ಹೊರತು ಬೋರ್ಡನ್ನು ಮುಟ್ಟತಕ್ಕದ್ದಲ್ಲ. ರಿಪೇರಿಯಾದ ಸಪ್ಲೈಯನ್ನು ಮೊದಲ ಬಾರಿಗೆ ಹಚ್ಚುವಾಗ 40 ಅಥವಾ 60 ವ್ಯಾಟಿನ ತಂತಿಯ ಬಲ್ಬೊಂದನ್ನು ಸೀರೀಸಿನಲ್ಲಿ ಇಟ್ಟಿದ್ದರೆ, ಉಳಿದ ದೋಷವೇನಾದರೂ ಇದ್ದಲ್ಲಿ ಬಲ್ಬು ಪ್ರಖರವಾಗಿ ಉರಿದು ತಿಳಿಸುವುದು, ಹೊಸ ಬಿಡಿಭಾಗಗಳು ಉಳಿಯುವುವು. ಎಲ್ಲವೂ ಸರಿಯೆಂದು ಕಂಡ ಮೇಲೆ ಬಲ್ಬನ್ನು ತೆಗೆದು, ಪೂರ್ಣ 2 ಆಂಪಿಯರಿನ ಹೊರೆಯನ್ನು ಅರ್ಧ ಗಂಟೆ ಕೊಟ್ಟು, ಡಯೋಡಿನ ಉಷ್ಣತೆಯನ್ನು ದೂರದಿಂದ ಅಳೆಯುವ ತಾಪಮಾಪಕದಿಂದ ನೋಡಿಕೊಳ್ಳಿ. ಕವಚ ಮುಚ್ಚಿದಾಗ ಅದು ಇನ್ನೂ ಏರುವುದೆಂಬುದನ್ನು ಮರೆಯಬೇಡಿ. ಕೊನೆಯದಾಗಿ, ಯಾವ ಸ್ಥಾನಕ್ಕೆ ಯಾವ ಡಯೋಡನ್ನು ಹಾಕಿದಿರೆಂಬುದನ್ನು ದಿನಾಂಕದೊಡನೆ ಕವಚದ ಒಳಮೈಯಲ್ಲಿ ಅಳಿಸದ ಶಾಯಿಯಿಂದ ಬರೆದಿಡಿ. ಮುಂದೆ ಆ ಅಡಾಪ್ಟರನ್ನು ತೆರೆಯುವವರಿಗೆ ಅದು ಬೇಕಾಗುವುದು.